ಕಾಯಿಲೆ ಕೆಲಸದಿಂದಲೇ ಬಂತು ಎಂದು ತೋರಿಸುವುದು ಹೇಗೆ: ಫೌಂಡ್ರಿ, ಖಣಿ, ಸಕ್ಕರೆ ಕಾರ್ಖಾನೆ, ಮಗ್ಗದವರಿಗೆ

ಪರಿಹಾರದ ಅರ್ಜಿ ನಿಲ್ಲುತ್ತದೋ ಬೀಳುತ್ತದೋ ಎಂಬುದು ಎಷ್ಟೋ ಸಲ ದವಾಖಾನೆಯ ಮೊದಲ ಚೀಟಿಯಲ್ಲೇ ತೀರ್ಮಾನವಾಗಿರುತ್ತದೆ. ಕೆಮ್ಮು, ದಮ್ಮು ಎಂದು ಹೋದಾಗ ಡಾಕ್ಟರು "ಏನು ಕೆಲಸ?" ಎನ್ನುತ್ತಾರೆ, ನಾವು "ಕೂಲಿ ಮಾಡ್ತೀವ್ರಿ" ಎನ್ನುತ್ತೇವೆ. ಚೀಟಿಯಲ್ಲಿ "ಕೂಲಿ" ಎಂದು ದಾಖಲಾಗುತ್ತದೆ. ಮೂರು ವರ್ಷದ ನಂತರ ಇನ್ಶೂರೆನ್ಸ್ ಕಂಪನಿಯ ವಕೀಲರು ಅದೇ ಚೀಟಿ ಎತ್ತಿ ಹಿಡಿದು, "ಧೂಳಿನ ಕೆಲಸ ಎಂದು ಎಲ್ಲಿದೆ?" ಎಂದು ಕೇಳುತ್ತಾರೆ. ಬದಲಿಗೆ ಹೀಗೆ ಹೇಳಿ: "ಉದ್ಯಮಬಾಗದ ಫೌಂಡ್ರಿಯಲ್ಲಿ ಫೆಟ್ಲಿಂಗ್, ಅಂದರೆ ಎರಕದ ಒರಟು ಉಜ್ಜುವ ಕೆಲಸ, 14 ವರ್ಷ. ಗ್ರೈಂಡರ್ ಹಿಡಿಯುತ್ತೇನೆ, ಮಾಸ್ಕ್ ಕೊಟ್ಟಿಲ್ಲ." ಡಾಕ್ಟರು ಬರೆದರೇ ಎಂದು ನೋಡಿ. ಬರೆಯದಿದ್ದರೆ ಬರೆಸಿಕೊಳ್ಳಿ. ಈಗಾಗಲೇ ಹಳೆಯ ಚೀಟಿ ಹಾಗೆ ಇದ್ದರೆ ತಿದ್ದಿಸಲು ಹೋಗಬೇಡಿ, ತಿದ್ದಿದ ಕಾಗದ ಇಡೀ ಕೇಸನ್ನೇ ಕೆಡಿಸುತ್ತದೆ. ಮುಂದಿನ ಭೇಟಿಯಲ್ಲಿ ಸರಿಯಾಗಿ ಹೇಳಿ ಹೊಸದಾಗಿ ಬರೆಸಿ.

ಮೊದಲು ದಾರಿ ಯಾವುದು ಎಂದು ಗೊತ್ತು ಮಾಡಿಕೊಳ್ಳಿ

ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಡಿತವಾಗುತ್ತಿದ್ದರೆ ನಿಮ್ಮ ದಾರಿ ಇಎಸ್‌ಐ ಒಂದೇ. ಮಾಲಕನ ಮೇಲೆ ನೌಕರರ ಪರಿಹಾರದ ಅರ್ಜಿ ಹಾಕಲು ಕಾನೂನು ಅಡ್ಡ ಬರುತ್ತದೆ (ಹಳೆಯ ಇಎಸ್‌ಐ ಕಾಯ್ದೆಯಲ್ಲಿ ಇದು 53ನೇ ಕಲಂ). ಇದು ಗೊತ್ತಿಲ್ಲದೆ ಕೋರ್ಟಿಗೆ ಹೋಗಿ ವರ್ಷಗಟ್ಟಲೆ ಕಳೆದುಕೊಂಡವರಿದ್ದಾರೆ. ಇಎಸ್‌ಐ ಇದ್ದವರಿಗೆ ವೃತ್ತಿ ರೋಗದ ಅಂದಾಜು ಮಾಡುವುದು ವಿಶೇಷ ವೈದ್ಯಕೀಯ ಮಂಡಳಿ. ಅದರ ಮುಂದೆ ಹೋಗಲು ಬೆಳಗಾವಿ ಅಶೋಕನಗರದ ಇಎಸ್‌ಐ ದವಾಖಾನೆಯಿಂದ ಅಥವಾ ನಿಮ್ಮ ಡಿಸ್ಪೆನ್ಸರಿಯಿಂದ ಕಾಗದ ಶುರುವಾಗಬೇಕು.

ಇಎಸ್‌ಐ ಇಲ್ಲದವರಿಗೆ ನೌಕರರ ಪರಿಹಾರ ಕಾಯ್ದೆ, 1923. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ, 2020 ಬಂದಿದೆ. ಆ ದಿನಕ್ಕಿಂತ ಹಿಂದಿನ ಕಾಯಿಲೆಗೆ ಹಳೆಯ ಕಾಯ್ದೆಯಡಿ, ನಂತರದ್ದಕ್ಕೆ ಸಂಹಿತೆಯಡಿ ಅರ್ಜಿ. ರುಜುವಾತಿನ ಚೌಕಟ್ಟು ಬಹುಪಾಲು ಅದೇ. ವೃತ್ತಿ ರೋಗಗಳ ಪಟ್ಟಿ ಎರಡರಲ್ಲೂ ಮೂರನೇ ಅನುಸೂಚಿಯಲ್ಲೇ ಇದೆ. ಕೆಳಗೆ ಹಳೆಯ ಕಲಂಗಳನ್ನೇ ಹೇಳಿದ್ದೇವೆ, ಏಕೆಂದರೆ ಬಾಕಿ ಇರುವ ಕೇಸುಗಳೆಲ್ಲ ಆ ಕಲಂಗಳ ಮೇಲೇ ನಡೆಯುತ್ತಿವೆ.

ಪಟ್ಟಿಯಲ್ಲಿ ನಿಮ್ಮ ಕಾಯಿಲೆ ಇದೆಯೇ?

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ಪಟ್ಟಿಯಲ್ಲಿದ್ದರೆ ಕಾನೂನೇ ನಿಮ್ಮ ಪರ ಊಹೆ ಮಾಡುತ್ತದೆ: ಈ ಕೆಲಸ ಮಾಡುವವನಿಗೆ ಈ ಕಾಯಿಲೆ ಬಂದಿದೆ, ಆದ್ದರಿಂದ ಕೆಲಸದಿಂದಲೇ ಬಂದದ್ದು. ಅಲ್ಲ ಎಂದು ತೋರಿಸುವ ಹೊರೆ ಮಾಲಕನ ತಲೆ ಮೇಲೆ. ಪಟ್ಟಿಯಲ್ಲಿ ಇಲ್ಲದಿದ್ದರೆ 3(4)ನೇ ಕಲಂ ಪ್ರಕಾರ, ಒಂದು ನಿರ್ದಿಷ್ಟ ಅಪಘಾತದಿಂದಲೇ ಆ ಕಾಯಿಲೆ ಬಂತು ಎಂದು ನೀವೇ ತೋರಿಸಬೇಕು.

ಪಟ್ಟಿಗೆ ಮೂರು ಭಾಗ. 'ಎ' ಭಾಗದ ಕಾಯಿಲೆಗೆ ಇಷ್ಟು ದಿನ ಕೆಲಸ ಮಾಡಿರಬೇಕೆಂಬ ಷರತ್ತಿಲ್ಲ. ಸೀಸದ ವಿಷ, ಆರ್ಗನೋಫಾಸ್ಫರಸ್ ಕೀಟನಾಶಕಗಳ ವಿಷ ಇಲ್ಲಿ ಬರುತ್ತವೆ. 'ಬಿ' ಭಾಗಕ್ಕೆ ಅದೇ ಮಾಲಕನ ಹತ್ತಿರ ಕನಿಷ್ಠ ಆರು ತಿಂಗಳ ಸತತ ಕೆಲಸ ಬೇಕು. ಸದ್ದಿನಿಂದ ಕಿವಿ ಮಂದವಾಗುವುದು, ಕೆಲಸದ ರಾಸಾಯನಿಕದಿಂದ ಬರುವ ಅಸ್ತಮಾ, ಚರ್ಮರೋಗ ಇವೆಲ್ಲ 'ಬಿ'. 'ಸಿ' ಭಾಗದಲ್ಲಿ ಸಿಲಿಕೋಸಿಸ್ (ಸಿಲಿಕಾ ಇರುವ ಮರಳು, ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ), ಸಿಲಿಕೋಸಿಸ್ ಜೊತೆಗಿನ ಟಿಬಿ, ಬಗ್ಯಾಸೋಸಿಸ್ (ಬಗಾಸ್, ಅಂದರೆ ಕಬ್ಬಿನ ಸಿಪ್ಪೆಯ ಧೂಳಿನಿಂದ ಬರುವುದು), ಹತ್ತಿ ಧೂಳಿನ ಬಿಸ್ಸಿನೋಸಿಸ್ ಇವೆ. ಇವಕ್ಕೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಅವಧಿ ಅನ್ವಯ. ಆ ಅವಧಿಗೆ ಕಡಿಮೆ ಬಿದ್ದರೂ ಕೆಲಸದಿಂದಲೇ ಬಂತೆಂದು ರುಜುವಾತು ಮಾಡುವ ಅವಕಾಶ ಇದೆ. 'ಸಿ' ಭಾಗದ ಇನ್ನೊಂದು ಅನುಕೂಲವೆಂದರೆ ನಾಲ್ಕು ಫೌಂಡ್ರಿಗಳಲ್ಲಿ ದುಡಿದಿದ್ದರೆ ನಾಲ್ವರೂ ಮಾಲಕರು ಪಾಲು ಕೊಡಬೇಕಾಗುತ್ತದೆ. ಕೊನೆಯವನೊಬ್ಬನನ್ನೇ ಪ್ರತಿವಾದಿ ಮಾಡಿ ಉಳಿದವರನ್ನು ಬಿಡಬೇಡಿ.

ಬೆನ್ನುಮೂಳೆ ಡಿಸ್ಕ್, ಹೃದಯಾಘಾತ ಪಟ್ಟಿಯಲ್ಲಿ ಇಲ್ಲ. "20 ವರ್ಷ ಮಣಭಾರ ಎತ್ತಿ ಬೆನ್ನು ಹೋಯಿತು" ಎಂಬ ವಾದ ಅಲ್ಲಿ ನಿಲ್ಲುವುದಿಲ್ಲ. "ಇಂಥ ದಿನ, ಇಂಥ ಪಾಳಿಯಲ್ಲಿ ಮೋಲ್ಡ್ ಬಾಕ್ಸ್ ಎತ್ತುವಾಗ ಬೆನ್ನು ಸೆಳೆದು ಅಲ್ಲೇ ಕುಸಿದೆ, ಅದೇ ದಿನ ದವಾಖಾನೆಗೆ ಹೋದೆ" ಎಂಬುದು ನಿಲ್ಲುತ್ತದೆ. ಹೃದಯಾಘಾತದಲ್ಲಿ ಕೆಲಸದ ಒತ್ತಡಕ್ಕೂ ಸಾವಿಗೂ ನಂಟು ತೋರಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಹಿಂದಿನ ದಿನಗಳ ಡಬಲ್ ಪಾಳಿ, ರಾತ್ರಿ ಓಡಾಟ, ಟ್ರಿಪ್ ಶೀಟ್ ಇಂಥವನ್ನು ಕೂಡಿಹಾಕಿ. ಕೆಲಸದ ಜಾಗದಲ್ಲಿ ಸತ್ತರು ಎಂಬುದೊಂದೇ ಸಾಲದು.

ಕೆಲಸದ ಚರಿತ್ರೆ: ಒಂದೇ ಹಾಳೆ

ವೈದ್ಯರಿಗೂ ವಕೀಲರಿಗೂ ನ್ಯಾಯಾಧೀಶರಿಗೂ ಕೆಲಸಕ್ಕೆ ಬರುವುದು ಇದೇ ಹಾಳೆ. ವರ್ಷದ ಕ್ರಮದಲ್ಲಿ ಬರೆಯಿರಿ. ಒಂದು ಸಾಲು ಹೀಗಿರಲಿ: "2009 ಜೂನ್‌ನಿಂದ 2016 ದೀಪಾವಳಿವರೆಗೆ. ಮಚ್ಛೆ ಫೌಂಡ್ರಿ. ನಾಕ್‌ಔಟ್ ಮತ್ತು ಫೆಟ್ಲಿಂಗ್. ದಿನಕ್ಕೆ 8 ತಾಸು, ವಾರಕ್ಕೆ ಎರಡು ಓವರ್‌ಟೈಮ್. ಮರಳು: ಸಿಲಿಕಾ. ಧೂಳು ಹೀರುವ ಫ್ಯಾನ್ ಇತ್ತು, ಕೆಟ್ಟಿತ್ತು. ಬಾಯಿಗೆ ಟವಲ್. ಜೊತೆಗಿದ್ದವರು ಇಬ್ಬರು, ಹೆಸರು–ಊರು." ತಾರೀಖು ನೆನಪಿಲ್ಲದಿದ್ದರೆ ಜಾತ್ರೆ, ಮದುವೆ, ಮಗು ಹುಟ್ಟಿದ ವರ್ಷ ಹಿಡಿದು ಹೊಂದಿಸಿ. ಆದರೆ ಊಹಿಸಿದ್ದನ್ನು ಖಚಿತವೆಂಬಂತೆ ಬರೆಯಬೇಡಿ. ಪಾಟೀಸವಾಲಿನಲ್ಲಿ ಒಂದು ತಾರೀಖು ಬಿದ್ದರೆ ಉಳಿದವೂ ಅನುಮಾನಕ್ಕೆ ಬೀಳುತ್ತವೆ.

ಯಾವ ವಸ್ತು ಎಂಬುದು ಬಹಳ ಮುಖ್ಯ. ಖಣಿಯವರು ಬರೇ "ಕಲ್ಲು" ಎಂದು ಬರೆಯುತ್ತಾರೆ. ಇಳಕಲ್ಲಿನ ಗ್ರಾನೈಟ್, ಬಾದಾಮಿ–ಗುಳೇದಗುಡ್ಡದ ಮರಳುಗಲ್ಲು ಸಿಲಿಕಾ ತುಂಬಿದವು. ವಿಜಯಪುರ ಕಡೆಯ ಕರಿಕಲ್ಲಿನಲ್ಲಿ, ಅಂದರೆ ಬಸಾಲ್ಟಿನಲ್ಲಿ, ಬಿಡಿ ಸಿಲಿಕಾ ತೀರ ಕಡಿಮೆ. ಲೋಕಾಪುರದ ಸುಣ್ಣದಕಲ್ಲೂ ಹಾಗೇ. ಕಲ್ಲಿನ ಜಾತಿ ಬರೆಯದೆ "ಸಿಲಿಕೋಸಿಸ್" ಎಂದರೆ ಎದುರಿನವರು ಇಲ್ಲೇ ಹಿಡಿಯುತ್ತಾರೆ. ಫೌಂಡ್ರಿಯಲ್ಲಿ ಮರಳಿನ ಜೊತೆ ರೆಸಿನ್, ಹಾರ್ಡನರ್ ಬಳಸಿದ್ದರೆ ಡಬ್ಬಿಯ ಲೇಬಲ್ಲಿನ ಫೋಟೋ ತೆಗೆದಿಡಿ. ಕೋರ್ (ಎರಕದ ಒಳಗಿನ ಮರಳಿನ ಅಚ್ಚು) ಮಾಡುವವರಿಗೆ ಬರುವ ಅಸ್ತಮಾಕ್ಕೆ ಐಸೊಸೈನೇಟ್ ಎಂಬ ರಾಸಾಯನಿಕ ಕಾರಣವಾಗಬಹುದು, ಆ ಹೆಸರು ಲೇಬಲ್ಲಿನಲ್ಲಿ ಇರುತ್ತದೆ.

ಅಲ್ಲಿ ದುಡಿದೆ ಎಂಬುದಕ್ಕೆ ಕಾಗದ

ಮಾಲಕ ಹೇಳುವ ಮೊದಲ ಮಾತು, "ಇವ ನಮ್ಮ ಆಳೇ ಅಲ್ಲ, ಮುಕಾದಮನ ಆಳು." ಇದಕ್ಕೆ ಹೆದರಬೇಡಿ. ಗುತ್ತೇದಾರನ ಮೂಲಕ ದುಡಿದರೂ ಮೂಲ ಮಾಲಕ 12ನೇ ಕಲಂ ಪ್ರಕಾರ ಹೊಣೆಗಾರ. ಆದರೆ ಆ ಆವರಣದಲ್ಲಿ ದುಡಿದದ್ದಕ್ಕೆ ಆಧಾರ ಬೇಕು. ಪಿಎಫ್ ಇದ್ದರೆ ಯುಎಎನ್ ಎಂಬ ಪಿಎಫ್ ಸಂಖ್ಯೆಯ ಸೇವಾ ಚರಿತ್ರೆಯಲ್ಲಿ ಯಾವ ಸಂಸ್ಥೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂದು ಬರುತ್ತದೆ. ಇದಕ್ಕಿಂತ ಗಟ್ಟಿ ಕಾಗದ ಇಲ್ಲ. ಶನಿವಾರದ ಬಟವಡೆ ಕೈಯಲ್ಲೇ ಬರುತ್ತಿದ್ದರೆ ಗೇಟ್ ಪಾಸ್, ಓವರ್‌ಟೈಮ್ ಚೀಟಿ, ಮುಕಾದಮನ ಹಾಜರಿ ಪುಸ್ತಕದ ಫೋಟೋ, ಫೋನ್‌ಪೇಯಲ್ಲಿ ಬಂದ ಮುಂಗಡ, ಕೆಲಸದ ಗುಂಪಿನ ವಾಟ್ಸಾಪ್ ಸಂದೇಶ, ಕಾರ್ಖಾನೆಯ ದಸರಾ ಪೂಜೆಯ ಗುಂಪು ಫೋಟೋ ಎಲ್ಲವೂ ಬರುತ್ತವೆ. ಫೋನ್ ಬದಲಿಸಿದರೆ ಹಳೆಯದನ್ನು ಮಾರಬೇಡಿ. ಫೋಟೋ ಯಾವ ದಿನ ತೆಗೆದದ್ದು ಎಂಬುದು ಅದರೊಳಗೇ ಇರುತ್ತದೆ.

ಸಾಕ್ಷಿಗಳ ವಿಷಯ ಸೂಕ್ಷ್ಮ. ಈಗಲೂ ಅಲ್ಲೇ ದುಡಿಯುವವರು ಬಂದು ಹೇಳಲು ಹಿಂಜರಿಯುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಬಿಟ್ಟುಹೋದವರು, ನಿವೃತ್ತರು ಸಿಕ್ಕರೆ ಒಳ್ಳೆಯದು. ಅದೇ ಕೆಲಸದಲ್ಲಿ ಅದೇ ಕಾಯಿಲೆ ಬಂದ ಮತ್ತೊಬ್ಬ ಸಿಕ್ಕರೆ ಇನ್ನೂ ಒಳ್ಳೆಯದು. ಕಾರ್ಖಾನೆಯ ಒಳಗಿನ ದಾಖಲೆಗಳನ್ನು, ಅಂದರೆ ವೈದ್ಯಕೀಯ ತಪಾಸಣೆಯ ರಿಜಿಸ್ಟರ್, ಧೂಳು ಮತ್ತು ಸದ್ದಿನ ಅಳತೆ, ಪಾಳಿ ಪುಸ್ತಕ ಇವನ್ನು ಹಾಜರುಪಡಿಸಲು ಪರಿಹಾರದ ಅರ್ಜಿ ವಿಚಾರಿಸುವ ಆಯುಕ್ತರಿಂದ ಆದೇಶ ಕೇಳಬಹುದು. ಸಿವಿಲ್ ಕೋರ್ಟಿನಂತೆ ದಾಖಲೆ ತರಿಸುವ ಅಧಿಕಾರ ಅವರಿಗಿದೆ. ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯಲ್ಲಿ ತಪಾಸಣಾ ವರದಿ ಇದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ.

ಪರೀಕ್ಷೆಗಳು, ಒಂದೊಂದು ಕಾಯಿಲೆಗೆ ಒಂದೊಂದು

ಸಿಲಿಕೋಸಿಸ್: ಫೌಂಡ್ರಿಯವರಿಗೂ ಖಣಿಯವರಿಗೂ ಟಿಬಿ ಎಂದು ಮಾತ್ರೆ ಕೊಡುವುದೇ ಇಲ್ಲಿನ ದೊಡ್ಡ ಎಡವಟ್ಟು. ಎರಡು ಸಲ, ಮೂರು ಸಲ ಕೋರ್ಸ್ ಮುಗಿಸಿ ದಮ್ಮು ಹೋಗದವರು ಕಫ ಪರೀಕ್ಷೆಯ ವರದಿಗಳನ್ನು ಹುಡುಕಲಿ. ಪ್ರತಿ ಸಲವೂ ನೆಗೆಟಿವ್ ಇದ್ದರೆ ಆ ಕಾಗದಗಳು ಬಂಗಾರ. ಬೇಕಾದದ್ದು ಪೂರ್ಣ ಅಳತೆಯ ಎದೆ ಎಕ್ಸ್‌ರೇ, ಅದನ್ನು ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ) ವರ್ಗೀಕರಣದಂತೆ ಓದಿದ ವರದಿ. ವರದಿಯಲ್ಲಿ 1/0, 2/1 ಎಂಬಂಥ ಅಂಕಿ ಇರಬೇಕು. 1/0 ಅಥವಾ ಮೇಲಿದ್ದರೆ ಧೂಳಿನ ಕಾಯಿಲೆಗೆ ಹೊಂದುತ್ತದೆ. ಶ್ವಾಸಕೋಶದ ಮೇಲ್ಭಾಗದಲ್ಲಿ ಸಣ್ಣ ದುಂಡನೆಯ ಚುಕ್ಕೆಗಳು ಇದರ ಗುರುತು. "ಹಳೆಯ ಟಿಬಿಯ ಕಲೆ" ಎಂದಷ್ಟೇ ಬರೆದ ವರದಿಯಿಂದ ಕೇಸು ನಡೆಯುವುದಿಲ್ಲ. ಎಕ್ಸ್‌ರೇ ಸ್ಪಷ್ಟವಾಗದಿದ್ದರೆ ಹೆಚ್‌ಆರ್‌ಸಿಟಿ, ಅಂದರೆ ಎದೆಯ ಸೂಕ್ಷ್ಮ ಸಿಟಿ ಸ್ಕ್ಯಾನ್. ಊದಿಸಿ ಉಸಿರು ಅಳೆಯುವ ಸ್ಪೈರೋಮೆಟ್ರಿ ಈ ಕಾಯಿಲೆಯ ಗುರುತಿಗಲ್ಲ, ಎಷ್ಟು ದುರ್ಬಲರಾಗಿದ್ದೀರಿ ಎಂದು ಅಳೆಯುವುದಕ್ಕೆ. ಎಕ್ಸ್‌ರೇ ಕೆಟ್ಟು ಉಸಿರು ಸರಿಯಿರಬಹುದು, ಆಗ ಪರಿಹಾರದ ಮೊತ್ತ ಕುಗ್ಗುತ್ತದೆ.

ಹಳೆಯ ಫಿಲ್ಮುಗಳನ್ನು ತಗಡಿನ ಪೆಟ್ಟಿಗೆಯಲ್ಲಿ ಒಣಗಿದ ಜಾಗದಲ್ಲಿಡಿ. ಐದು ವರ್ಷದ ಹಿಂದಿನದು, ಇಂದಿನದು ಪಕ್ಕಪಕ್ಕ ಇಟ್ಟರೆ ಕಾಯಿಲೆ ಬೆಳೆದದ್ದು ಕಣ್ಣಿಗೆ ಕಾಣುತ್ತದೆ. ಬೆಳಗಾವಿಯ ಸರ್ಕಾರಿ ವೈದ್ಯಕೀಯ ಕಾಲೇಜು ಬಿಮ್ಸ್, ಬಾಗಲಕೋಟೆ ಮತ್ತು ವಿಜಯಪುರದ ವೈದ್ಯಕೀಯ ಕಾಲೇಜುಗಳ ಎದೆರೋಗ ವಿಭಾಗಗಳಲ್ಲಿ ತೋರಿಸಬಹುದು. ಗಂಟು ಬಿಡಿಸಲಾಗದಿದ್ದರೆ ಬೆಂಗಳೂರಿನ ಪ್ರಾದೇಶಿಕ ವೃತ್ತಿ ಆರೋಗ್ಯ ಕೇಂದ್ರದ ಅಭಿಪ್ರಾಯ ಕೇಳುವುದು ಒಳ್ಳೆಯದು.

"ಬೀಡಿ ಸೇದುತ್ತಾನೆ" ಎಂಬ ವಾದ ಬಂದೇ ಬರುತ್ತದೆ. ಸೇದುತ್ತಿದ್ದರೆ ಮುಚ್ಚಿಡಬೇಡಿ, ದಿನಕ್ಕೆ ಎಷ್ಟು ಎಂದು ಡಾಕ್ಟರಿಗೆ ಹೇಳಿ. ಬೀಡಿಯಿಂದ ಉಸಿರಾಟ ಕೆಡುತ್ತದೆ, ಆದರೆ ಸಿಲಿಕಾದ ದುಂಡು ಚುಕ್ಕೆಗಳು ಬೀಡಿಯಿಂದ ಬರುವುದಿಲ್ಲ. ಇದನ್ನೇ ಡಾಕ್ಟರು ತಮ್ಮ ಅಭಿಪ್ರಾಯದಲ್ಲಿ ಬರೆಯಬೇಕು.

ಬಗ್ಯಾಸೋಸಿಸ್: ತಾಜಾ ಸಿಪ್ಪೆಯಿಂದ ಅಲ್ಲ, ಒದ್ದೆಯಾಗಿ ಗುಡ್ಡೆ ಬಿದ್ದು ಬೂಸರು ಹಿಡಿದ ಬಗಾಸಿನಿಂದ ಬರುತ್ತದೆ. ಧೂಳು ತಾಕಿದ ನಾಲ್ಕರಿಂದ ಎಂಟು ತಾಸಿನ ನಂತರ ಜ್ವರ, ಒಣ ಕೆಮ್ಮು, ದಮ್ಮು. ಹಗಲು ಪಾಳಿಯವನಿಗೆ ರಾತ್ರಿ ಮನೆಯಲ್ಲಿ ಜ್ವರ ಬರುವುದರಿಂದ ಅದನ್ನು ಕೆಲಸಕ್ಕೆ ಜೋಡಿಸುವ ಯೋಚನೆಯೇ ಯಾರಿಗೂ ಬರುವುದಿಲ್ಲ, ಟೈಫಾಯಿಡ್ ಎಂದು ಸಲಾಯಿನ್ ಏರಿಸುತ್ತಾರೆ. ಕಬ್ಬು ನುರಿಯುವ ಹಂಗಾಮಿನಲ್ಲಿ ಯಾವ ದಿನ ನಿಮ್ಮನ್ನು ಬಗಾಸ್ ಯಾರ್ಡಿಗೆ ಹಾಕಿದರು, ಯಾವ ರಾತ್ರಿ ಜ್ವರ ಬಂತು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ರಜೆಯಲ್ಲಿ ಆರಾಮ, ಮರಳಿ ಹೋದರೆ ಮತ್ತೆ ಜ್ವರ ಎಂಬ ಏರಿಳಿತವೇ ಪುರಾವೆ.

ಬೈಲಹೊಂಗಲ ಕಡೆ ಹತ್ತಿ ಬೀಜ ಬೇರ್ಪಡಿಸುವ ಜಿನ್ನಿಂಗಿನವರಿಗೆ ಎದೆ ಬಿಗಿತ ವಾರದ ರಜೆ ಮುಗಿಸಿ ಬಂದ ಮೊದಲ ದಿನ ಹೆಚ್ಚಿರುತ್ತದೆ. ಆ ದಿನವೇ ಪಾಳಿಗೆ ಮೊದಲು ಮತ್ತು ಪಾಳಿ ಮುಗಿದ ಮೇಲೆ ಸ್ಪೈರೋಮೆಟ್ರಿ ಮಾಡಿಸಿದರೆ ಬಿಸ್ಸಿನೋಸಿಸ್ ತಿಳಿಯುತ್ತದೆ.

ಅಸ್ತಮಾಕ್ಕೆ ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಊದುವ ಉಪಕರಣ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ದಿನಕ್ಕೆ ಕನಿಷ್ಠ ನಾಲ್ಕು ಸಲ, ಪ್ರತಿ ಸಲ ಮೂರು ಬಾರಿ ಊದಿ ದೊಡ್ಡ ಅಂಕಿ ಬರೆದಿಡಿ. ನಾಲ್ಕು ವಾರ ಮಾಡಿ, ರಜೆಯ ದಿನಗಳೂ ಸೇರಲಿ. ಕೆಲಸ ಬಿಟ್ಟ ಮೇಲೆ ಈ ಪರೀಕ್ಷೆಗೆ ಅರ್ಥವಿಲ್ಲ, ಹಾಗಾಗಿ ಕೆಲಸದಲ್ಲಿರುವಾಗಲೇ ಮಾಡಬೇಕು.

ಕಿವಿ: ರಬಕವಿ–ಬನಹಟ್ಟಿ, ಬೆಳಗಾವಿಯ ವಡಗಾವಿ, ಖಾಸಬಾಗದ ಪವರ್‌ಲೂಮ್ ಶೆಡ್ಡುಗಳಲ್ಲಿ ಸದ್ದು 90 ಡೆಸಿಬೆಲ್ ದಾಟುವುದು ಸಾಮಾನ್ಯ. ಪ್ಯೂರ್ ಟೋನ್ ಆಡಿಯೋಗ್ರಾಮ್ ಎಂಬ ಕಿವಿ ಪರೀಕ್ಷೆ ಮಾಡಿಸಿ. ಸದ್ದಿನಿಂದ ಹೋದ ಕಿವಿಯಲ್ಲಿ ಗೆರೆ 4000 ಹರ್ಟ್ಸ್ ಹತ್ತಿರ ಕೆಳಗೆ ಕುಸಿದು 8000ದಲ್ಲಿ ಸ್ವಲ್ಪ ಏರುತ್ತದೆ. ಎರಡೂ ಕಿವಿ ಹೆಚ್ಚುಕಡಿಮೆ ಸಮ. ವಯಸ್ಸಿನಿಂದ ಮಂದವಾದ ಕಿವಿಯ ಗೆರೆ ಹೀಗೆ ಏರುವುದಿಲ್ಲ, ಇಳಿಯುತ್ತಲೇ ಹೋಗುತ್ತದೆ. ಪಾಳಿಯಿಂದ ನೇರ ಪರೀಕ್ಷೆಗೆ ಹೋದರೆ ತಾತ್ಕಾಲಿಕ ಮಂದತನ ಸೇರಿಕೊಳ್ಳುತ್ತದೆ, ವರದಿ ಬಿದ್ದುಹೋಗುತ್ತದೆ. ಕನಿಷ್ಠ 14 ತಾಸು ಸದ್ದಿನಿಂದ ದೂರವಿದ್ದು, ರಜೆಯ ಮರುದಿನ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಹೋಗಿ. ಮೂಳೆಯ ಮೂಲಕದ ಪರೀಕ್ಷೆಯೂ ವರದಿಯಲ್ಲಿರಲಿ, ಕಿವಿ ಸೋರಿ ಹೋದ ಕಿವುಡಲ್ಲ ಎಂದು ಅದು ತೋರಿಸುತ್ತದೆ.

ದ್ರಾಕ್ಷಿ ತೋಟದ ಔಷಧಿ: ತಿಕೋಟಾ, ಬಬಲೇಶ್ವರ ಕಡೆ ಸಿಂಪಡಿಸುವ ಕೂಲಿಯವರಿಗೂ ಕಾಯ್ದೆಯ ರಕ್ಷಣೆ ಇದೆ, ಕೀಟನಾಶಕ ಸಿಂಪಡಿಸುವ ಕೆಲಸ ಎರಡನೇ ಅನುಸೂಚಿಯಲ್ಲಿದೆ. ಇಲ್ಲಿ ಗಡಿಯಾರವೇ ಎದುರಾಳಿ. ವಾಂತಿ, ಬೆವರು, ಕಣ್ಣು ಮಂಜು ಎಂದು ದಾಖಲಾದ ದಿನವೇ ಕೋಲಿನೆಸ್ಟರೇಸ್ ರಕ್ತ ಪರೀಕ್ಷೆ ಮಾಡಿಸಲು ಕೇಳಿ, ದಿನ ಕಳೆದಂತೆ ಅದರ ಮಟ್ಟ ಮತ್ತೆ ಏರಿಬಿಡುತ್ತದೆ. ಖಾಲಿ ಬಾಟಲಿಯ ಲೇಬಲ್ ಜೊತೆಗೊಯ್ಯಿರಿ. ಕುಡಿದದ್ದಲ್ಲ, ಸಿಂಪಡಿಸುವಾಗ ತಾಕಿದ್ದು ಎಂದು ಕೇಸ್ ಶೀಟಿನಲ್ಲಿ ಸ್ಪಷ್ಟವಾಗಿ ಬರೆಸಿ. ಈ ಒಂದು ವಾಕ್ಯ ಇಲ್ಲದೆ ಆತ್ಮಹತ್ಯೆ ಯತ್ನ ಎಂದು ತಳ್ಳಿಹಾಕುವ ಅಪಾಯ ಇದೆ.

ಡಾಕ್ಟರಿಂದ ಎಂಥ ಕಾಗದ ಬೇಕು

"ರೋಗಿಗೆ ಸಿಲಿಕೋಸಿಸ್ ಇದೆ, ವಿಶ್ರಾಂತಿ ಬೇಕು" ಎಂಬ ಸರ್ಟಿಫಿಕೇಟ್ ರಜೆಗೆ ಸಾಕು, ಪರಿಹಾರಕ್ಕೆ ಸಾಲದು. ಕೆಲಸದ ಚರಿತ್ರೆಯ ಹಾಳೆ ಕೊಟ್ಟು, ಅದನ್ನು ಓದಿದ್ದೇನೆ ಎಂದು ಬರೆಯಲು ಕೇಳಿ. ಕಾಯಿಲೆ ಯಾವುದು, ಯಾವ ಪರೀಕ್ಷೆಯಿಂದ ಗೊತ್ತಾಯಿತು, ಇಷ್ಟು ವರ್ಷದ ಈ ಧೂಳಿಗೆ ಇದು ಹೊಂದುತ್ತದೆಯೇ, ಬೇರೆ ಕಾರಣಗಳನ್ನು ಏಕೆ ಬಿಟ್ಟರು, ಕೆಲಸದಿಂದ ಬಂದಿರುವ ಸಂಭವವೇ ಹೆಚ್ಚು ಎಂಬ ಮಾತು, ಇವು ಬರಬೇಕು. ನೂರಕ್ಕೆ ನೂರು ಖಚಿತ ಎಂದು ಬರೆಸುವ ಅಗತ್ಯ ಇಲ್ಲ. ಇದು ಕ್ರಿಮಿನಲ್ ಕೇಸಲ್ಲ, ಯಾವ ಕಡೆ ಸಂಭವ ಹೆಚ್ಚು ಎಂದಷ್ಟೇ ತೂಗುತ್ತಾರೆ.

ಕೊನೆಗೆ ಶೇಕಡಾವಾರು. ಇಲ್ಲಿ ಎಡವುವವರೇ ಹೆಚ್ಚು. ದೇಹದ ನ್ಯೂನತೆ ಬೇರೆ, ದುಡಿಮೆಯ ಸಾಮರ್ಥ್ಯ ಹೋದದ್ದು ಬೇರೆ. ಉಸಿರಾಟ ಶೇ. 30 ಕುಂದಿದ ಗುಮಾಸ್ತ ಕೆಲಸ ಮುಂದುವರಿಸುತ್ತಾನೆ. ಅಷ್ಟೇ ಕುಂದಿದ ಫೆಟ್ಲರ್ ಆ ಕೆಲಸವನ್ನೇ ಬಿಡಬೇಕಾಗುತ್ತದೆ. ಆದ್ದರಿಂದ "ದುಡಿಮೆಯ ಸಾಮರ್ಥ್ಯದ ನಷ್ಟ ಶೇ. ಇಷ್ಟು, ಏಕೆಂದರೆ ಈತನ ಕೆಲಸ ಇಂಥದ್ದು" ಎಂದು ಬೇರೆಯಾಗಿ ಬರೆಸಿ. ಲೆಕ್ಕ ಹೀಗೆ: 40 ವರ್ಷ, ತಿಂಗಳಿಗೆ 14,000 ಸಂಬಳ. ಅದರ ಶೇ. 60 ಎಂದರೆ 8,400. 40ರ ವಯಸ್ಸಿಗೆ ಕಾಯ್ದೆ ಕೊಡುವ ಗುಣಕ 184.17. ಗುಣಿಸಿದರೆ 15,47,028. ನಷ್ಟ ಶೇ. 30 ಆದರೆ 4,64,108 ರೂಪಾಯಿ. ಸಂಬಳ ಎಷ್ಟೇ ಇದ್ದರೂ 2020ರ ಜನವರಿಯ ಅಧಿಸೂಚನೆಯಂತೆ 15,000ಕ್ಕೆ ಮಿತಿ.

ಬರೆದ ಡಾಕ್ಟರು ಸಾಕ್ಷಿ ಹೇಳಲು ಬರುತ್ತಾರೆಯೇ ಎಂದು ಮೊದಲೇ ಕೇಳಿ. ಬಾರದ ಡಾಕ್ಟರ ಸರ್ಟಿಫಿಕೇಟಿಗೆ ಪಾಟೀಸವಾಲು ಮಾಡಲು ಆಗಲಿಲ್ಲ ಎಂದು ಎದುರಿನವರು ತೆಗೆದುಹಾಕಿಸುತ್ತಾರೆ. ಚಿಕಿತ್ಸೆ ಕೊಡದೆ ಸರ್ಟಿಫಿಕೇಟ್ ಮಾತ್ರ ಬರೆಯುವವರ ಹತ್ತಿರ ಹೋದರೆ ದುಡ್ಡೂ ಹಾಳು, ಕೇಸೂ ಹಾಳು.

ನೋಟಿಸು, ಗಡುವು, ಅರ್ಜಿ

ಕಾಯಿಲೆ ಗೊತ್ತಾದ ಕೂಡಲೇ ಮಾಲಕನಿಗೆ ಬರವಣಿಗೆಯಲ್ಲಿ ನೋಟಿಸು ಕೊಡಿ. ವಕೀಲರೇ ಬೇಕೆಂದಿಲ್ಲ. ಹೆಸರು, ವಿಳಾಸ, ಕಾರಣ, ತಾರೀಖು ಸರಳ ಮಾತಿನಲ್ಲಿದ್ದರೆ ಸಾಕು: "ನಾನು ನಿಮ್ಮ ಕಾರ್ಖಾನೆಯಲ್ಲಿ 2016ರಿಂದ ಫೆಟ್ಲಿಂಗ್ ಮಾಡುತ್ತಿದ್ದೇನೆ. ಮರಳು ಧೂಳಿನಿಂದ ಸಿಲಿಕೋಸಿಸ್ ಬಂದಿದೆ ಎಂದು ಇಂಥ ತಾರೀಖು ದವಾಖಾನೆಯಲ್ಲಿ ತಿಳಿಯಿತು. ಇಂಥ ದಿನದಿಂದ ಕೆಲಸಕ್ಕೆ ಬರಲು ಆಗಿಲ್ಲ. ಪರಿಹಾರ ಕೊಡಬೇಕು." ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಶೀದಿ ಮತ್ತು ತಲುಪಿದ ದಾಖಲೆ ಇಟ್ಟುಕೊಳ್ಳಿ. ನೋಟಿಸು ಸಿಕ್ಕ ಮೂರು ದಿನದೊಳಗೆ ಮಾಲಕ ತನ್ನ ಡಾಕ್ಟರಿಂದ ಪುಕ್ಕಟೆ ತಪಾಸಣೆಗೆ ಕರೆದರೆ ಹೋಗಲೇಬೇಕು, ಹೋಗದಿದ್ದರೆ ಹಕ್ಕು ಅಮಾನತಾಗುತ್ತದೆ. ಹೋಗಿ, ಆದರೆ ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ.

ಅರ್ಜಿಗೆ ಎರಡು ವರ್ಷ ಗಡುವು. ಕಾಯಿಲೆಯಿಂದ ಸತತವಾಗಿ ಗೈರಾದ ಮೊದಲ ದಿನವೇ ಅಪಘಾತದ ದಿನ ಎಂದು ಎಣಿಕೆ. ಗೈರಾಗದೆ ದುಡಿಯುತ್ತಲೇ ಇದ್ದರೆ ನೋಟಿಸು ಕೊಟ್ಟ ದಿನದಿಂದ. ಕೆಲಸ ಬಿಟ್ಟು ಎರಡು ವರ್ಷದೊಳಗೆ ಲಕ್ಷಣ ಕಂಡರೆ ಕಂಡ ದಿನದಿಂದ. ತಡವಾದರೆ ತಕ್ಕ ಕಾರಣ ತೋರಿಸಿ ಮಾಫಿ ಕೇಳಬಹುದು. "ಟಿಬಿ ಎಂದು ಮೂರು ವರ್ಷ ಔಷಧಿ ಕೊಟ್ಟರು" ಎಂಬುದು ಅಂಥ ಕಾರಣ, ಅದಕ್ಕೆ ಟಿಬಿ ಕಾರ್ಡು ಲಗತ್ತಿಸಿ.

ಗೋವಾ, ಮಹಾರಾಷ್ಟ್ರಕ್ಕೆ ದುಡಿಯಲು ಹೋಗಿ ಕಾಯಿಲೆಯೊಂದಿಗೆ ಊರಿಗೆ ಬಂದವರು ಅಲ್ಲಿಗೇ ಓಡಾಡಬೇಕಿಲ್ಲ. ನೀವು ವಾಸಿಸುವ ಪ್ರದೇಶದ ಆಯುಕ್ತರ ಮುಂದೆಯೇ ಅರ್ಜಿ ಹಾಕಬಹುದು. ನಮ್ಮ ರಾಜ್ಯದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರು ಈ ಆಯುಕ್ತರಾಗಿ ಕೂರುತ್ತ ಬಂದಿದ್ದಾರೆ.

ನಡುವೆ ಮಾಲಕನ ಕಡೆಯವರು ಮನೆಗೆ ಬಂದು, ಒಂದಿಷ್ಟು ಕೈಗಿಟ್ಟು ಸ್ಟಾಂಪ್ ಪೇಪರಿಗೆ ಸಹಿ ಕೇಳಬಹುದು. ಹಕ್ಕು ಬಿಟ್ಟುಕೊಡುವ ಒಪ್ಪಂದ 17ನೇ ಕಲಂ ಪ್ರಕಾರ ಊರ್ಜಿತವಲ್ಲ. ರಾಜಿ ಆಗಲೇಬೇಕಿದ್ದರೆ ಆಯುಕ್ತರ ಹತ್ತಿರ ನೋಂದಣಿ ಮಾಡಿಸಿ, ಹಣ ಅಲ್ಲೇ ಪಡೆಯಿರಿ. ತಿಂಗಳೊಳಗೆ ಕೊಡದ ಪರಿಹಾರಕ್ಕೆ ಶೇ. 12 ಬಡ್ಡಿ, ತಕ್ಕ ಕಾರಣವಿಲ್ಲದೆ ತಡ ಮಾಡಿದರೆ ಶೇ. 50ರವರೆಗೆ ದಂಡ ಇದೆ. ಅರ್ಜಿಯಲ್ಲೇ ಎರಡನ್ನೂ ಕೇಳಿ, ಬಹಳ ಮಂದಿ ಮರೆಯುತ್ತಾರೆ. ಮೇಲ್ಮನವಿಗೆ 60 ದಿನ. ಬೆಳಗಾವಿ, ಬಾಗಲಕೋಟೆಯವರಿಗೆ ಹೈಕೋರ್ಟಿನ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ. ಮಾಲಕ ಮೇಲ್ಮನವಿ ಹೋಗಬೇಕಾದರೆ ಆದೇಶದ ಹಣವನ್ನು ಮೊದಲು ಠೇವಣಿ ಇಡಬೇಕು. ಅಲ್ಲಿ ಕಾನೂನಿನ ಪ್ರಶ್ನೆ ಮಾತ್ರ ಏಳುತ್ತದೆ, ಕೆಳಗೆ ಹಾಜರುಪಡಿಸದ ಎಕ್ಸ್‌ರೇಯನ್ನು ಅಲ್ಲಿ ಯಾರೂ ನೋಡುವುದಿಲ್ಲ.